ದಮ್ಮಿನ ಸರಪಳಿ

ಬೀಳಗಿ
೭ ಅಕ್ಟೋಬರ್ ೨೦೨೪

ಹಾಲಸಿದ್ದಪ್ಪ,

ನಾನು ಆರಾಮ ಇದ್ದೇನೆ. ನಿನ್ನ ತಂಡ ಆರಾಮ ಇಲ್ಲ. ಅದನ್ನು ಹೇಳಲಿಕ್ಕೆಂದೇ ನಾಲ್ಕು ಸಲ ಫೋನ್ ಮಾಡಿದೆ. ಎರಡು ಸಲ ನೀನು ಎತ್ತಲಿಲ್ಲ. ಮೂರನೆಯ ಸಲ ನಾನು ಐದು ನಿಮಿಷ ಬಿಡದೆ ಮಾತಾಡಿದ ಮೇಲೆ "ಹೂಂ, ಆತು ತಗೋ" ಎಂದು ಇಟ್ಟುಬಿಟ್ಟೆ. ನಾಲ್ಕನೆಯ ಸಲ ನಿನ್ನ ಹೆಂಡತಿ ಸೋಮವ್ವ ಎತ್ತಿ, "ಅವರು ಹೊಲಕ್ಕ ಹೋಗ್ಯಾರ್ರಿ ಅಣ್ಣಾರ" ಎಂದಳು. ಹಿಂದಿನಿಂದ ನಿನ್ನ ಕೆಮ್ಮು ಕೇಳಿಸುತ್ತಿತ್ತು. ಹೊಲ ಅಷ್ಟು ಹತ್ತಿರ ಬಂದದ್ದು ಯಾವಾಗ? ಅದಕ್ಕೇ ಈ ಕಾಗದ.

ಶುಕ್ರವಾರ ಬನಹಟ್ಟಿಯ ಕಬಡ್ಡಿ ಪಂದ್ಯಾವಳಿಗೆ ಹೋಗಿದ್ದೆ. ಇಲ್ಲಿಂದ ಜಮಖಂಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅರವತ್ಮೂರು ವರ್ಷದ ಸೊಂಟವನ್ನು ಅಷ್ಟು ದೂರ ಹೊತ್ತೊಯ್ದದ್ದು ನಮ್ಮ ಕಾಲೇಜಿನ ಹೆಣ್ಣುಮಕ್ಕಳು ನಲವತ್ತೊಂದು–ಹತ್ತೊಂಬತ್ತರಿಂದ ಸೋಲುವುದನ್ನು ನೋಡಲಿಕ್ಕೆ. ಬನಹಟ್ಟಿಯ ಆ ಗಿಡ್ಡ ಹುಡುಗಿ ಇಪ್ಪತ್ತೆರಡು ಸಲ ದಾಳಿಗೆ ಬಂದಳು. ಮೂರು ಸಲ ಮಾತ್ರ ಸಿಕ್ಕಳು. ನೀನು ಅಂಕಣದ ಪಕ್ಕದಲ್ಲಿ ಕೈಕಟ್ಟಿ ಕೂತು ಯಾರದೋ ಮದುವೆಗೆ ಬಂದವನ ಹಾಗೆ ನೋಡುತ್ತಿದ್ದೆ.

ಮೂವತ್ತೈದು ವರ್ಷದಿಂದ ನೀನು ಕಲಿಸುತ್ತಿರುವುದು ಒಂದೇ ಪಾಠ. ಕೈಗೆ ಕೈ ಹಿಡಿದು ಸರಪಳಿಯಾಗಿ ನಿಲ್ಲಿ. ದಾಳಿಗೆ ಬಂದವರ ಮೇಲೆ ನೀವಾಗಿ ನುಗ್ಗಬೇಡಿ. ಕಾಲು ನೋಡಬೇಡಿ, ಕಾಲು ಮೋಸ ಮಾಡುತ್ತದೆ. 'ಕಬಡ್ಡಿ ಕಬಡ್ಡಿ' ಅನ್ನುವ ದನಿ ಕೇಳಿ. ದಮ್ಮು ಮುಗಿಯುತ್ತ ಬಂದಾಗ ದನಿ ಸಣ್ಣಗಾಗುತ್ತದೆ, ಸಣ್ಣಗಾದ ಮರುಗಳಿಗೆಗೆ ಅವರು ತಮ್ಮ ಕಡೆ ತಿರುಗುತ್ತಾರೆ, ಆಗ ಸರಪಳಿ ಮುಚ್ಚಿ. ೧೯೮೨ರಲ್ಲಿ ನಾವಿಬ್ಬರೂ ಇದೇ ಕಾಲೇಜಿಗೆ ಆಡುವಾಗ ಇದಕ್ಕೆ 'ದಮ್ಮಿನ ಸರಪಳಿ' ಎಂದು ಹೆಸರಿಟ್ಟವನು ನಾನೇ. ಆಗ ಅದು ಬೆಂಕಿ. ಈಗ ಮಣ್ಣಿನ ಅಂಕಣ ಹೋಗಿ ಮ್ಯಾಟು ಬಂದಿದೆ. ಒಂದು ದಾಳಿಗೆ ಮೂವತ್ತು ಸೆಕೆಂಡು ಅಷ್ಟೇ. ಕಾಲಿಗೆ ಬೂಟು ಬಂದಿದೆ. ಫಿರಂಗಿ ಬಂದ ಮೇಲೂ ಕೋಟೆಯ ಗೋಡೆಯನ್ನು ಇನ್ನಷ್ಟು ಎತ್ತರಿಸಿದ ಅರಸರ ಬಗ್ಗೆ ಬೇಕಾದಷ್ಟು ಓದಿದ್ದೇನೆ. ಅವರ ಗೋಡೆಗಳನ್ನು ಈಗ ಆಡುಗಳು ಹತ್ತುತ್ತವೆ.

ನೀನು ನಿವೃತ್ತನಾಗಿ ಮೂರು ವರ್ಷವಾಯಿತು. ಗೌರವ ತರಬೇತಿದಾರ ಎಂದು ಇಟ್ಟುಕೊಂಡಿದ್ದಾರೆ. ಜನವರಿಯಲ್ಲಿ ಆಡಳಿತ ಮಂಡಳಿ ಕೂತು, ನಿನ್ನನ್ನು ಮುಂದುವರಿಸಬೇಕೋ ಬೇಡವೋ ನೋಡುತ್ತದಂತೆ. ನನ್ನ ಕಿವಿಗೆ ಬಿದ್ದದ್ದು ಇಷ್ಟು. ಹೊಸದು ಏನಾದರೂ ಕಲಿಸು, ಇಲ್ಲವೇ ಮರ್ಯಾದೆಯಿಂದ ಬಿಡು.

ಗಿರಿಮಲ್ಲಪ್ಪ


ಹುನ್ನೂರ
೧೮ ಅಕ್ಟೋಬರ್ ೨೦೨೪

ಗಿರಿ,

ಕಾಗದ ಮುಟ್ಟಿತು. ಇನ್ನು ಫೋನ್ ಮಾಡಬೇಡ, ಹೀಗೇ ಬರೆ. ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಕೂತು ಪುಸ್ತಕದ ಬೆನ್ನಿಗೆ ನಂಬರು ಬರೆದ ಕೈ ಅದು, ಅಕ್ಷರ ಚೆಂದ. ಮಾತು ಅಷ್ಟು ಚೆಂದವಿಲ್ಲ.

ಮ್ಯಾಟು ಬಂದಿದೆ, ಬೂಟು ಬಂದಿದೆ, ಖರೆ. ಹೊಸ ಪುಪ್ಪುಸ ಬಂದಿದೆಯೇ? ದಮ್ಮು ತೀರಿದರೆ ತಿರುಗಲೇಬೇಕು. ನಮ್ಮಪ್ಪ ಹಿಂಡಿನ ನಡುವೆ ಕಣ್ಣುಮುಚ್ಚಿ ಕೂತು, ಈಗ ಯಾವ ಟಗರು ಓಟ ಕೀಳುತ್ತದೆ ಎಂದು ಅದರ ಉಸಿರಿನ ಮೇಲೆ ಹೇಳುತ್ತಿದ್ದ. ಹೇಳಿ ಮುಗಿಸುವುದರೊಳಗೆ ಅದು ಎದ್ದಿರುತ್ತಿತ್ತು. ನಾನು ಕಲಿತದ್ದು ಅಲ್ಲಿ. ಕುರಿಗೆ ಹಳೆಯದಾಗದ್ದು ಮನುಷ್ಯರಿಗೆ ಹೇಗೆ ಹಳೆಯದಾಗುತ್ತದೆ?

ಬನಹಟ್ಟಿಯಲ್ಲಿ ತಪ್ಪಿದ್ದು ಸರಪಳಿಯಲ್ಲ, ಹುಡುಗಿಯರು. ಈಗಿನವರ ಕಿವಿಯಲ್ಲಿ ಬಸ್ಸಿನಲ್ಲಿ ಕೂತಾಗಿನಿಂದ ಇಳಿಯುವ ತನಕ ಏನಾದರೊಂದು ತುರುಕಿರುತ್ತದೆ. ಕೇಳುವ ರೂಢಿಯೇ ತಪ್ಪಿಹೋಗಿದೆ. ದಿನಾ ಹೇಳುತ್ತಿದ್ದೇನೆ. ಮುಧೋಳದ ವಲಯ ಪಂದ್ಯದ ಹೊತ್ತಿಗೆ ಸರಿಹೋಗುತ್ತಾರೆ.

ಮಂಡಳಿಯವರ ಸುದ್ದಿ ನನಗೂ ಗೊತ್ತು. ಅಂಕಣ ಬಿಟ್ಟರೆ ನನಗೆ ಹೋಗಲಿಕ್ಕೆ ಬೇರೆ ಜಾಗವಿಲ್ಲ. ಅದು ನಿನಗೂ ಗೊತ್ತು.

ಹಾಲಸಿದ್ದಪ್ಪ


ಬೀಳಗಿ
೯ ನವೆಂಬರ್ ೨೦೨೪

ಹಾಲಸಿದ್ದಪ್ಪ,

ಮೊನ್ನೆ ಸಂಜೆ ಜಮಖಂಡಿಗೆ ಬಂದು ನಿನ್ನ ಅಭ್ಯಾಸ ನೋಡಿದೆ. ಮೈದಾನದ ಕಂಪೌಂಡಿನ ಹತ್ತಿರ ನಿನ್ನ ಬೆನ್ನ ಹಿಂದೆಯೇ ನಿಂತು "ಲೇ ಹಾಲ್ಯಾ" ಎಂದು ಎರಡು ಸಲ ಕರೆದೆ. ನೀನು ತಿರುಗಲಿಲ್ಲ. ಹುಡುಗಿಯರು ತಿರುಗಿ ನೋಡಿದರು, ಒಬ್ಬಳು ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು. ನಲವತ್ತು ವರ್ಷದ ಗೆಳೆಯನಿಗೆ ಬೆನ್ನು ತೋರಿಸುವಂಥದ್ದು ನಾನೇನು ಬರೆದಿದ್ದೆ? ಮೂರನೆಯ ಸಲ ಕರೆಯಲಿಲ್ಲ. ನನಗೂ ಮಾನವಿದೆ.

ಆದರೆ ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ. ದಾಳಿಯ ಹುಡುಗಿ ತಿರುಗುವ ಸ್ವಲ್ಪ ಮೊದಲು ನೀನು ಸೀಟಿ ಊದುತ್ತಿದ್ದೆ. ಹತ್ತಕ್ಕೆ ಎಂಟು ಸಲ ಸರಿ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು, ಎಂಟು ಹೆಜ್ಜೆ ಆಚೆ ನಿಂತ ನನಗೆ ಅವಳ ಕಬಡ್ಡಿ ಒಂದಕ್ಷರವೂ ಕೇಳಿಸಲಿಲ್ಲ. ನಿನ್ನ ಕಿವಿ ಇನ್ನೂ ಇಪ್ಪತ್ತರ ಕಿವಿ, ಒಪ್ಪಿದೆ. ತೊಂದರೆ ಇರುವುದೇ ಅಲ್ಲಿ. ಅಂಥ ಕಿವಿ ಇನ್ನೊಬ್ಬರಿಗೆ ಇಲ್ಲ. ನಿನ್ನ ಸೀಟಿಗೆ ಸರಪಳಿ ಮುಚ್ಚುತ್ತದೆ, ಸೀಟಿ ಇಲ್ಲದಿದ್ದರೆ ನಿಂತೇ ಇರುತ್ತದೆ. ಪಂದ್ಯದಲ್ಲಿ ನಿನಗೆ ಸೀಟಿ ಊದಲಿಕ್ಕೆ ಯಾರು ಬಿಡುತ್ತಾರೆ?

ಅಭ್ಯಾಸ ಮುಗಿದ ಮೇಲೆ ತುಬಚಿಯ ವೈಶಾಲಿ, ನಿನ್ನ ಕ್ಯಾಪ್ಟನ್, ಬಸ್ಸಿಗೆಂದು ಚಹಾದಂಗಡಿಯ ಹತ್ತಿರ ನಿಂತಿದ್ದಳು. ಮಾತಾಡಿಸಿದೆ.

"ನಿಮ್ಮ ಸರ್ ಕಲಸೂದು ಹೆಂಗೈತಿ ಬೇ?"

"ಸರ್ ಹೇಳೂದು ಸುಳ್ಳಲ್ರಿ ಕಾಕಾರ. ಆದರ ಮ್ಯಾಟಿನ ಮ್ಯಾಲ ದಮ್ಮ ಎಲ್ಲಿ ಕೇಳಸ್ತೈತ್ರಿ? ಒಬ್ಬಾಂವ ಮೈಕಿನ್ಯಾಗ ಒದರತಿರತಾನ, ಇನ್ನೊಬ್ಬಾಂವ ಹಾಡ ಹಚ್ಚಿರತಾನ. ಆಕಿ ಕಬಡ್ಡಿ ಅನ್ನಾಕತ್ತಾಳೋ ನಮಗ ಬೈಯಾಕತ್ತಾಳೋ, ಆಕಿಗೇ ಗೊತ್ತ."

"ಇದನ್ನ ಅವಗ ಹೇಳಿಯೇನು?"

"ಹೇಳೇನ್ರಿ. ಬಾಳ ಸಲ ಹೇಳೇನಿ."

"ಏನಂದ?"

"ಹೂಂ ಅಂದ್ರು. ಮರುದಿನ ಮತ್ತ ಕೇಳ್ರಿ ಕೇಳ್ರಿ ಅಂತ ಚಾಲೂ ಮಾಡಿದ್ರು."

ಓದಿಕೊಳ್ಳುವ ಹುಡುಗಿ, ಆಟದ ಕೋಟಾದಲ್ಲಿ ಪೊಲೀಸ್ ನೇಮಕಾತಿಗೆ ಅರ್ಜಿ ಹಾಕಿದ್ದಾಳಂತೆ. ಅವಳ ಮಾತಿಗೆ 'ಹೂಂ' ಎಂದು ಕಸದ ಬುಟ್ಟಿಗೆ ಹಾಕುವಷ್ಟು ದೊಡ್ಡವನಾದೆಯಾ? ಕೈ ಬಿಡಿಸು. ಹಿಮ್ಮಡಿಗೆ ಕೈಹಾಕುವುದನ್ನು ಕಲಿಸು, ಎದೆಗೆ ಗುದ್ದಿ ಗೆರೆಯಾಚೆ ನೂಕುವ ಡ್ಯಾಶ್ ಕೊಡುವುದನ್ನು ಕಲಿಸು. ಕಾಯುವ ಆಟ ಮುಗಿಯಿತು.

ಗಿರಿಮಲ್ಲಪ್ಪ


ಹುನ್ನೂರ
೧೫ ನವೆಂಬರ್ ೨೦೨೪

ಗಿರಿಮಲ್ಲಪ್ಪನವರಿಗೆ,

ಕಳ್ಳನ ಹಾಗೆ ಬೆನ್ನ ಹಿಂದೆ ಬಂದು ನಿಂತು, ಬಸ್‌ಸ್ಟಾಪಿನಲ್ಲಿ ನನ್ನ ಮಕ್ಕಳಿಂದ ನನ್ನ ಚಾಡಿ ಕೇಳಿಸಿಕೊಂಡು ಹೋಗಿದ್ದೀರಿ. ಗ್ರಂಥಾಲಯದಲ್ಲಿ ಇದನ್ನೂ ಕಲಿಸುತ್ತಾರೆ ಎಂದು ಗೊತ್ತಿರಲಿಲ್ಲ.

ಆ ಹುಡುಗಿ ಒಂದು ದಿನವೂ, ಒಂದೇ ಒಂದು ದಿನವೂ ನನ್ನ ಮುಂದೆ ಹಾಗೆ ಹೇಳಿಲ್ಲ. ಬೀರೇಶ್ವರನ ಆಣೆ ಮಾಡಿ ಬರೆಯುತ್ತಿದ್ದೇನೆ. ನಿನ್ನೆ ಎಲ್ಲರನ್ನೂ ಕೂರಿಸಿ, ನಿಮ್ಮ ಕಾಗದವನ್ನು ಕೈಯಲ್ಲಿ ಹಿಡಿದು, ನೀನು ಯಾವಾಗ ಹೇಳಿದ್ದೆ ಎಂದು ಅವಳನ್ನೇ ಕೇಳಿದೆ. ತಲೆ ಕೆಳಗೆ ಹಾಕಿ ನಿಂತಳು. ಸುಳ್ಳು ಹೇಳುವವರ ಕೈಗೆ ಕ್ಯಾಪ್ಟನ್ ಪಟ್ಟಿ ಶೋಭಿಸುವುದಿಲ್ಲ ಎಂದು ಹೇಳಿ ರೇಷ್ಮಾಳಿಗೆ ಕಟ್ಟಿದ್ದೇನೆ. ಮುಧೋಳದಲ್ಲಿ ವೈಶಾಲಿ ಎಡ ಮೂಲೆಯಲ್ಲೇ ನಿಲ್ಲುತ್ತಾಳೆ. ದಮ್ಮು ಮುಗಿಯುವ ತನಕ ಒಂದು ಹೆಜ್ಜೆಯೂ ಕದಲಬಾರದು ಎಂದು ಕಟ್ಟಪ್ಪಣೆ ಮಾಡಿದ್ದೇನೆ.

೧೯೮೩ರ ಫೈನಲ್ಲಿನಲ್ಲಿ ಕೊನೆಯ ದಾಳಿಗೆ ನೀವು ಮುಂಚೆಯೇ ನುಗ್ಗಲು ಹೋದಿರಿ. ನಾನು ನಿಮ್ಮ ಕೈ ಹಿಂಡಿ ನಿಲ್ಲಿಸಿದೆ. ಅವನ ದನಿ ಸಣ್ಣಗಾಯಿತು, ಆಮೇಲೆ ಹಿಡಿದೆವು. ಆ ಕಪ್ಪು ಇನ್ನೂ ಕಾಲೇಜಿನ ಕಪಾಟಿನಲ್ಲಿದೆ. ಕಾಯುವ ಆಟ ಆವತ್ತು ಮುಗಿದಿರಲಿಲ್ಲ.

ಹಾಲಸಿದ್ದಪ್ಪ


ಬೀಳಗಿ
೨ ಡಿಸೆಂಬರ್ ೨೦೨೪

ಹಾಲಸಿದ್ದಪ್ಪ,

ಮುಧೋಳದಲ್ಲಿ ನಾನೂ ಇದ್ದೆ. ನೀನು ನನ್ನನ್ನು ನೋಡಿಯೂ ನೋಡದ ಹಾಗೆ ಹೋದೆ. ಇರಲಿ, ಇದು ನನ್ನ ವಿಷಯವಲ್ಲ.

ಸ್ಕೋರು ಹದಿನಾಲ್ಕು–ಹದಿನೈದು ಇತ್ತು. ಎದುರಾಳಿಗಳ ಎರಡು ದಾಳಿ ಖಾಲಿ ಹೋಗಿದ್ದವು. ಮೂರನೆಯದರಲ್ಲಿ ಅಂಕ ತರದಿದ್ದರೆ ಬಂದವಳೇ ಔಟ್. ಕಾದರೆ ಸಾಕಿತ್ತು, ನಿನ್ನ ಪದ್ಧತಿಗೆ ಹೇಳಿಮಾಡಿಸಿದ ಗಳಿಗೆ, ಅಷ್ಟನ್ನು ನಾನೂ ಒಪ್ಪುತ್ತೇನೆ. ಆ ಎತ್ತರದ ಹುಡುಗಿ ಎಡ ಮೂಲೆಗೇ ಬಂದಳು. ವೈಶಾಲಿಯ ಮುಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಎರಡು ಸಲ ಹಾದಳು. ವೈಶಾಲಿ ಕದಲಲಿಲ್ಲ. ಧ್ವನಿವರ್ಧಕದಲ್ಲಿ ಯಾರೋ ಮುಖ್ಯ ಅತಿಥಿಗಳಿಗೆ ಸ್ವಾಗತ ಕೋರುತ್ತಿದ್ದರು. ದಮ್ಮು ಮುಗಿಯಿತೋ ಇಲ್ಲವೋ ಯಾರಿಗೆ ಕೇಳಬೇಕು? ರೇಷ್ಮಾ ಮುಚ್ಚಲು ಎಳೆದಳು, ವೈಶಾಲಿ ಅರೆಗಳಿಗೆ ತಡವಾಗಿ ಬಂದಳು, ಅಷ್ಟರಲ್ಲಿ ದಾಳಿಯ ಹುಡುಗಿ ತಿರುಗಿ ಹಾರಿದ್ದಳು. ಇಳಿದದ್ದು ವೈಶಾಲಿಯ ಮೊಣಕಾಲಿನ ಮೇಲೆ. ಆ ಸದ್ದು ಮಾತ್ರ ಧ್ವನಿವರ್ಧಕವನ್ನೂ ಮೀರಿ ಎಲ್ಲರಿಗೂ ಕೇಳಿಸಿತು.

ಜೀಪಿನಲ್ಲಿ ಅವಳ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಕರೆದೊಯ್ದೆ. ಅಳಲಿಲ್ಲ.

"ಯಾಕ ಕಾಯ್ದಿ ತಂಗಿ? ಆಕಿ ನಿನ್ನ ಕೈಯಾಗ ಇದ್ದಳಲ್ಲ."

"ಸುಳ್ಳಿ ಅನಿಸ್ಕೊಂಡಿದ್ನೆಲ್ರಿ ಕಾಕಾರ. ಇವತ್ತರ ಸರ್ ಹೇಳಿದಂಗ ಮಾಡಿ ತೋರಸೂಣು ಅಂತ ನಿಂತ್ನಿ. ಏನೂ ಕೇಳಸಲಿಲ್ರಿ."

ಲಿಗಮೆಂಟ್ ಹರಿದಿದೆ. ಆಪರೇಷನ್ ಆಗಬೇಕು, ಒಂದು ವರ್ಷ ಓಡುವ ಹಾಗಿಲ್ಲ. ಪೊಲೀಸ್ ನೇಮಕಾತಿಯ ಓಟ ಫೆಬ್ರುವರಿಯಲ್ಲಿದೆ. ಲೆಕ್ಕ ನೀನೇ ಹಾಕು.

ಈಗ ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಮಂಡಳಿಯ ಕಾರ್ಯದರ್ಶಿ ಶಶಿಕಾಂತ ಸೆಪ್ಟೆಂಬರಿನಲ್ಲೇ ನನ್ನ ಅಭಿಪ್ರಾಯ ಕೇಳಿದ್ದ. ಹಳೆಯ ಆಟಗಾರ, ಹಳೆಯ ಸಿಬ್ಬಂದಿ, ನೀವು ಬರೆದದ್ದಕ್ಕೆ ತೂಕವಿದೆ ಎಂದಿದ್ದ. ನಿನಗೆ ಬರೆದ ಮೊದಲ ಕಾಗದದಲ್ಲಿ 'ಕಿವಿಗೆ ಬಿದ್ದದ್ದು' ಎಂದದ್ದು ಅರ್ಧ ಸತ್ಯ. ನೀನು ಬದಲಾದರೆ ಒಳ್ಳೆಯದನ್ನೇ ಬರೆಯೋಣ ಎಂದು ಕಾಯುತ್ತಿದ್ದೆ. ಆಸ್ಪತ್ರೆಯಿಂದ ಬಂದ ಮರುದಿನ ಬರೆದು ಕಳಿಸಿದೆ: 'ಶ್ರೀ ಹಾಲಸಿದ್ದಪ್ಪನವರ ಹಿಡಿತದ ಪದ್ಧತಿಗೆ ಕಾಲ ಮೀರಿದೆ. ಅದನ್ನು ಮುಂದುವರಿಸುವುದು ಆಟಗಾರ್ತಿಯರ ದೇಹಕ್ಕೆ ಅಪಾಯ.' ಪ್ರತಿಯೊಂದು ಶಬ್ದವನ್ನೂ ಯೋಚಿಸಿ ಬರೆದಿದ್ದೇನೆ. ಸುಳ್ಳಿದ್ದರೆ ಹೇಳು.

ಗಿರಿಮಲ್ಲಪ್ಪ


ಬೀಳಗಿ
೧೬ ಡಿಸೆಂಬರ್ ೨೦೨೪

ಹಾಲಸಿದ್ದಪ್ಪ,

ಎರಡು ವಾರ ಕಳೆದವು. ನಿನ್ನಿಂದ ಒಂದು ಸಾಲು ಇಲ್ಲ. ಬೈದಾದರೂ ಬರೆ.

ವೈಶಾಲಿಗೆ ಆಪರೇಷನ್ ಆಗಿದೆ. ನಾನು ಹೋಗಿದ್ದೆ. ಅವಳ ತಾಯಿ ಮಾಯವ್ವ, "ಆ ನಿಮ್ಮ ಮಾಸ್ತರ ಬದಕ್ಯಾನೋ ಇಲ್ಲೋ" ಎಂದು ಕೇಳಿದಳು. ಜನವರಿ ಹನ್ನೊಂದಕ್ಕೆ ಸಭೆ.

ಗಿರಿ


ಹುನ್ನೂರ
೩೧ ಡಿಸೆಂಬರ್ ೨೦೨೪

ಗಿರಿ,

ಈ ಕಾಗದವನ್ನು ಆರು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯಬಾರದೆಂದು ಸೋಮವ್ವ ಎದುರಿಗೆ ಕೂತಿದ್ದಾಳೆ.

ನನಗೆ ಕಿವಿ ಕೇಳಿಸುವುದಿಲ್ಲ. ನಿವೃತ್ತಿಯ ವರ್ಷವೇ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಯ ಹತ್ತಿರ ಬಾಯಿಟ್ಟು ನಿಧಾನ ಹೇಳಿದರೆ ನಾಲ್ಕು ಶಬ್ದ ಸಿಗುತ್ತವೆ. ಬಾಗಲಕೋಟೆಯ ಡಾಕ್ಟರು ವಯಸ್ಸು ಎಂದರು. ಬೀರೇಶ್ವರನ ಮುಂದೆ ಮೂವತ್ತು ವರ್ಷ ಡೊಳ್ಳು ಬಾರಿಸಿದ್ದೇನೆ ಎಂದಾಗ ಅದೂ ಇರಬಹುದು ಎಂದು ಚೀಟಿಯಲ್ಲಿ ಬರೆದು ತೋರಿಸಿದರು. ಕಿವಿಗೆ ಹಚ್ಚುವ ಮಿಷನ್ ತಂದೆ. ಮೈದಾನದ ಗಾಳಿಗೆ ಅದರೊಳಗೆ ಹಿಟ್ಟಿನ ಗಿರಣಿ ತಿರುಗಿದ ಹಾಗಾಗುತ್ತದೆ. ಡಬ್ಬಿಯಲ್ಲಿಟ್ಟೆ.

ಕೇಳು ಕೇಳು ಎಂದು ಮೂವತ್ತೈದು ವರ್ಷ ಕಲಿಸಿದವನು ನಾನೇ ಕಿವುಡಾದೆ ಎಂದು ಯಾವ ಬಾಯಿಂದ ಹೇಳಲಿ? ಯಾರಾದರೂ ಮಾತಾಡಿದರೆ 'ಹೂಂ' ಎನ್ನುತ್ತಿದ್ದೆ. ನನ್ನನ್ನು ಗಂಟುಮೋರೆಯವನು, ಸೊಕ್ಕಿನವನು ಅಂದುಕೊಂಡರು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಸೊಕ್ಕಿನವನು ಅನ್ನಿಸಿಕೊಳ್ಳುವುದು ಹಗುರವಾಗಿತ್ತು. ನೀನು ಫೋನಿನಲ್ಲಿ ಐದು ನಿಮಿಷ ಏನು ಹೇಳಿದೆಯೋ ನನಗೆ ಈಗಲೂ ಗೊತ್ತಿಲ್ಲ. ನೀನು ಬೆನ್ನ ಹಿಂದೆ ನಿಂತು ಕರೆದದ್ದು ನಿನ್ನ ಕಾಗದದಿಂದಲೇ ಗೊತ್ತಾಯಿತು.

ವೈಶಾಲಿ ಕಾಲೇಜಿಗೆ ಬಂದದ್ದು ನನ್ನ ಕಿವಿ ಹೋದ ಮೇಲೆ. ಅವಳ ದನಿ ದಪ್ಪವೋ ಸಣ್ಣವೋ ನನಗೆ ತಿಳಿಯದು. ಅವಳು ಹೇಳಿರುತ್ತಾಳೆ, ಒಂದಲ್ಲ ಹತ್ತು ಸಲ. ಅವಳನ್ನು ಎಲ್ಲರ ಮುಂದೆ ಸುಳ್ಳಿ ಎಂದ ದಿನವೇ ಮನೆಗೆ ಬಂದು ನಿನ್ನ ಕಾಗದವನ್ನು ಮತ್ತೊಮ್ಮೆ ಓದಿದೆ. 'ಹೂಂ ಅಂದ್ರು' ಎಂಬ ಎರಡು ಶಬ್ದದ ಮೇಲೆ ಕಣ್ಣು ನಿಂತಿತು. ಅದು ನನ್ನದೇ ಹೂಂ ಎಂದು ಆಗಲೇ ಗೊತ್ತಾಯಿತು. ಮುಧೋಳಕ್ಕೆ ಇನ್ನೂ ಹದಿನಾಲ್ಕು ದಿನ ಇತ್ತು. ಕರೆದು ತಪ್ಪಾಯಿತು ಎನ್ನಬಹುದಿತ್ತು. ಎನ್ನಲಿಲ್ಲ. ನಿನಗೆ ಆಣೆ ಮಾಡಿ ಬರೆದೆ.

ಇನ್ನೂ ದೊಡ್ಡದೊಂದಿದೆ. ಅಭ್ಯಾಸದಲ್ಲಿ ನಾನು ಹತ್ತಕ್ಕೆ ಎಂಟು ಸಲ ಸರಿಯಾಗಿ ಸೀಟಿ ಊದಿದೆ ಎಂದು ಬರೆದಿದ್ದೆಯಲ್ಲ, ನನ್ನ ಕಿವಿಯನ್ನು ಹೊಗಳಿದ್ದೆ. ನಾನು ಊದಿದ್ದು ಕೇಳಿ ಅಲ್ಲ, ನೋಡಿ. ಕುತ್ತಿಗೆ ಹೆಗಲನ್ನು ಕೂಡುವಲ್ಲಿ, ಎಲುಬಿನ ಮೇಲೆ ಒಂದು ಗುಳಿ ಇರುತ್ತದೆ. ದಮ್ಮು ತೀರುತ್ತ ಬಂದಾಗ ಆ ಗುಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ದನಿ ಸಣ್ಣಗಾಗುವುದಕ್ಕೂ ಮೊದಲೇ ಎಳೆದುಕೊಳ್ಳುತ್ತದೆ, ಗಿರಿ. ಮೈಕು ಇರಲಿ, ಹಾಡು ಇರಲಿ, ಅವಳು ಕಬಡ್ಡಿ ಎನ್ನಲಿ ಬಿಡಲಿ, ಗುಳಿ ಸುಳ್ಳು ಹೇಳುವುದಿಲ್ಲ. ಕಿವಿ ಹೋದ ಮೇಲೆ ಬೇರೆ ದಾರಿಯಿಲ್ಲದೆ ನನ್ನ ಕಣ್ಣು ಅದನ್ನು ತಾನೇ ಹುಡುಕಿಕೊಂಡಿತು. ಮೂರು ವರ್ಷದಿಂದ ನನಗೆ ಗೊತ್ತು.

ಮೂರು ವರ್ಷದಿಂದ ಗೊತ್ತಿದ್ದೂ ಹುಡುಗಿಯರಿಗೆ ಹೇಳಲಿಲ್ಲ. ನೋಡಿರಿ ಎಂದರೆ, ಇಷ್ಟು ವರ್ಷ ಕೇಳಿರಿ ಎಂದವರು ಈಗ್ಯಾಕೆ ನೋಡಿರಿ ಅಂತೀರಿ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ನಾನು ನೋಡಿ ಸೀಟಿ ಊದುತ್ತ, ಬಾಯಲ್ಲಿ ಕೇಳ್ರಿ ಕೇಳ್ರಿ ಎನ್ನುತ್ತಿದ್ದೆ.

ಮೊನ್ನೆ ಸೋಮವ್ವನನ್ನು ಕರೆದುಕೊಂಡು ತುಬಚಿಗೆ ಹೋಗಿದ್ದೆ. ಮಾಯವ್ವ ಹೊಸ್ತಿಲು ದಾಟಿಸಲಿಲ್ಲ. ಬಾಗಿಲಲ್ಲಿ ನಿಂತು ಬಹಳ ಹೊತ್ತು ಬೈದಳು. ಬಾಯಿ ಕಾಣುತ್ತಿತ್ತು ಅಷ್ಟೇ. ವಾಪಸು ಬರುವಾಗ, ಏನೇನು ಅಂದಳು, ಒಂದೂ ಬಿಡದೆ ಹೇಳು ಎಂದು ಸೋಮವ್ವನನ್ನು ಕೇಳಿದೆ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ನನ್ನ ಬಲಗಿವಿಯಲ್ಲಿ ಹೇಳಿದಳು. ಕೊನೆಗೆ, "ನನ್ನ ಮಗಳ ಕಾಲು ನೀನs ಮುರದಿ, ಹೌದಲ್ಲೊ?" ಎಂದು ಮಾಯವ್ವ ಕೇಳಿದಳಂತೆ. ಅದಕ್ಕೆ ನಾನು ರೂಢಿಯಂತೆ ಹೂಂ ಎಂದೆನಂತೆ.

ಅದೊಂದು ಹೂಂ ಮಾತ್ರ ಸರಿಯಾದ ಜಾಗದಲ್ಲಿ ಬಿದ್ದಿದೆ.

ಸಭೆಗೆ ನಾನು ಬರುವುದಿಲ್ಲ. ಬಂದರೂ ಅವರು ಹೇಳಿದ್ದು ತಿಳಿಯುವುದಿಲ್ಲ. ಈ ಕಾಗದವನ್ನು ನೀನೇ ಅಲ್ಲಿ ಓದು. ನನ್ನನ್ನು ತೆಗೆಯಲಿ. ಆದರೆ ಪದ್ಧತಿಗೆ ಕಾಲ ಮೀರಿದೆ ಎಂದು ಬರೆದು ತೆಗೆಯದಿರಲಿ. ಕಾಲ ಮೀರಿದ್ದು ನನಗೆ. ಅಷ್ಟು ಮಾಡು.

ಹಾಲ್ಯಾ


ಬೀಳಗಿ
೧೩ ಜನವರಿ ೨೦೨೫

ಹಾಲ್ಯಾ,

ಓದಿದೆ. ಪೂರ್ತಿ ಓದಿದೆ, ಒಂದು ಸಾಲನ್ನೂ ನುಂಗಲಿಲ್ಲ.

ಅದಕ್ಕೂ ಮೊದಲು ನನ್ನದೊಂದು ಹೇಳಿಬಿಡುತ್ತೇನೆ. ವೈಶಾಲಿ ಚಹಾದಂಗಡಿಯಲ್ಲಿ ಹೇಳಿದ್ದನ್ನು ಅವಳ ಹೆಸರು ಹಿಡಿದು ನಿನಗೆ ಬರೆದವನು ನಾನು. ನಿನ್ನನ್ನು ಚುಚ್ಚುವುದಕ್ಕೆ ಅವಳ ಮಾತು ಚೆನ್ನಾಗಿ ಒದಗಿತು, ಬರೆದೆ. ಅವಳಿಗೆ ಏನಾಗಬಹುದೆಂದು ಯೋಚಿಸಲಿಲ್ಲ. ನೀನು ಅವಳನ್ನು ನಿಲ್ಲಿಸಿ ಬೈದಾಗ ನಿನ್ನ ಕೈಯಲ್ಲಿದ್ದದ್ದು ನನ್ನ ಅಕ್ಷರ. ಜೀಪಿನಲ್ಲಿ ಅವಳು 'ಸುಳ್ಳಿ ಅನಿಸ್ಕೊಂಡಿದ್ನಿ' ಎಂದಾಗಲೂ ನನಗೆ ನಿನ್ನ ತಪ್ಪೇ ಕಂಡಿತು. ನಲವತ್ತು ವರ್ಷದ ಗೆಳೆಯ ತಿರುಗಿ ನೋಡದಿದ್ದಾಗ, ಅವನ ಕಿವಿಗೇನಾಗಿದೆಯೋ ಎಂದು ಯಾರಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ನನ್ನ ಮಾನ. ಇಷ್ಟೆಲ್ಲ ಓದಿ ಉಪಯೋಗ ಇಷ್ಟೇ ಆಯಿತು.

ಆದರೆ ಸಿಟ್ಟು ಹೋಗಿಲ್ಲ. ನಿನ್ನ ಕಿವಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆ ಹದಿನಾಲ್ಕು ದಿನದ ಮೇಲಿದೆ. ಅದು ಹೋಗುವುದೂ ಇಲ್ಲ, ಹೋಗಲಿ ಎಂದು ನೀನು ಕೇಳಬೇಡ.

ಸಭೆಗೆ ಹನ್ನೊಂದು ಜನ ಬಂದಿದ್ದರು. ನಾನು ಓದಿ ಮುಗಿಸಿದ ಮೇಲೆ ಶಶಿಕಾಂತ ಹೇಳಿದ: "ಪಾಪ ಅನಸ್ತೈತ್ರಿ ಕಾಕಾರ. ಆದರ ಪಾಪ ಅಂತ ಟೀಮ್ ಕೊಡಾಕ ಬರೂದಿಲ್ರಿ." ಅದಕ್ಕೆ ನಾನು ಎದುರಾಡಲಿಲ್ಲ. ನಿನ್ನನ್ನು ತೆಗೆದಿದ್ದಾರೆ. ಮಾರ್ಚಿನಿಂದ ಬೇರೆಯವರು ಬರುತ್ತಾರೆ.

ಜಗಳವಾದದ್ದು ಆಮೇಲೆ. ನಡಾವಳಿಯಲ್ಲಿ 'ಹಿಡಿತದ ಪದ್ಧತಿಗೆ ಕಾಲ ಮೀರಿದ ಕಾರಣ' ಎಂದು ಬರೆಸಿದರು. ಅದು ಸುಳ್ಳು, ಈಗಷ್ಟೇ ಓದಿದೆನಲ್ಲ ಎಂದೆ. ಶಶಿಕಾಂತ ಫೈಲು ತೆಗೆದು ನನ್ನ ಮುಂದಿಟ್ಟ. "ಇದು ನೀವs ಬರದದ್ದಲ್ರಿ? ಎಷ್ಟ ಚೊಕ್ಕ ಬರದೀರಿ. ಕಿವುಡ ಅಂತ ಬರದ್ರ ನಾಳಿ ಪೇಪರನ್ಯಾಗ ಬರತೈತಿ, ಮೂರು ವರ್ಷ ಏನ ನೋಡಾಕತ್ತಿದ್ರಿ ಅಂತ ನಮಗs ಕೇಳ್ತಾರ." ನನ್ನ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಅಲ್ಲೇ ಬರೆದುಕೊಟ್ಟೆ. ಆವಕದ ಮೊಹರು ಹಾಕಿ ಫೈಲಿನಲ್ಲಿ ಇಟ್ಟುಕೊಂಡರು. ನಡಾವಳಿ ಬದಲಾಗಲಿಲ್ಲ. ನೀನು ಕೇಳಿದ ಒಂದೇ ಒಂದು ಕೆಲಸವನ್ನು ನಾನು ಮಾಡಲಾಗಲಿಲ್ಲ, ಅದಕ್ಕೆ ಅಡ್ಡ ಬಂದದ್ದು ನನ್ನದೇ ವಾಕ್ಯ.

ವೈಶಾಲಿಯೂ ಬಂದಿದ್ದಳು. ಗಾಯದ ಬಗ್ಗೆ ಹೇಳಿಕೆ ಕೊಡಲಿಕ್ಕೆ ಕರೆಸಿದ್ದರು. ಕಂಕುಳಲ್ಲಿ ಕೋಲು, ಪಕ್ಕದಲ್ಲಿ ಮಾಯವ್ವ. ನಾನು ನಿನ್ನ ಕಾಗದ ಓದುವಾಗ ಅವಳು ಗೋಡೆಯ ಹತ್ತಿರದ ಬೆಂಚಿನ ಮೇಲೆ ಕಾಲು ನೀಡಿಕೊಂಡು ಕೂತಿದ್ದಳು. ಸುಳ್ಳಿ ಎಂದದ್ದನ್ನು ಓದಿದಾಗ ಕಣ್ಣು ಮೇಲೆತ್ತಲಿಲ್ಲ. ಹದಿನಾಲ್ಕು ದಿನ ಎಂದಾಗ ಮಾಯವ್ವ ಏನೋ ಅಂದಳು, ಅದನ್ನು ನಿನಗೆ ಬರೆಯುವುದಿಲ್ಲ. ಗುಳಿಯ ಮಾತು ಬಂದಾಗ ಮಾತ್ರ ವೈಶಾಲಿ ತಲೆ ಎತ್ತಿದಳು.

ಎಲ್ಲರೂ ಎದ್ದು ಚಹಾಕ್ಕೆ ಹೋದ ಮೇಲೆ ಅವಳ ಹತ್ತಿರ ಹೋಗಿ, ನಿನ್ನ ಸರ್‌ಗೆ ಏನಾದರೂ ಹೇಳುವುದಿದ್ದರೆ ಹೇಳು, ನಾನು ಬರೆಯುತ್ತೇನೆ ಎಂದೆ. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದೂ ಬಯಸಿದೆ. ಕೈಯನ್ನು ತನ್ನ ಕುತ್ತಿಗೆಯ ಬುಡಕ್ಕೆ ಒಯ್ದು ಮೊದಲು ಎಡಗಡೆ, ಆಮೇಲೆ ಬಲಗಡೆ ಮುಟ್ಟಿಕೊಂಡಳು.

"ಗುಳಿ ಎರಡ ಅದಾವಲ್ರಿ ಕಾಕಾರ. ಯಾವುದು ಮೊದಲ ಎಳಕೊಳ್ಳತೈತಂತ ಬರದಾರೇನ್ರಿ? ತಿರುಗು ಕಡೀದೋ, ಆಚೀ ಕಡೀದೋ?"

ಕಾಗದದಲ್ಲಿ ಮತ್ತೆ ಹುಡುಕಿದೆ. ನೀನು ಬರೆದಿರಲಿಲ್ಲ.

"ಏಳ, ಹೋಗೂಣು," ಎಂದಳು ಮಾಯವ್ವ. "ಕಾಲ ಮುರಕೊಂಡ ಕುಂತಾಳ, ಇನ್ನ ಗುಳಿ ನೋಡ್ತಾಳಂತ."

"ನಾ ನೋಡೂದಲ್ಲ ಬೇ. ರೇಷ್ಮಾಗ ಹೇಳಬೇಕು. ಇಪ್ಪತ್ತೇಳಕ್ಕ ಮ್ಯಾಚ್ ಐತಿ."

ಮಾಯವ್ವ ಎದ್ದು ಬಾಗಿಲ ತನಕ ಹೋದಳು. ಮಗಳು ಏಳದಿದ್ದುದನ್ನು ನೋಡಿ ಅಲ್ಲೇ ನಿಂತಳು.

ಎಡದ್ದೋ ಬಲದ್ದೋ ನನಗೆ ಬರೆಯಬೇಡ. ಅವಳ ವಿಳಾಸ ಕೆಳಗಿದೆ. ಇವತ್ತೇ ಅಂಚೆಗೆ ಹಾಕು.

ಕುಮಾರಿ ವೈಶಾಲಿ
ಮಾಯವ್ವನ ಮಗಳು
ನೀರಿನ ಟಾಕಿಯ ಹಿಂದಿನ ಓಣಿ
ತುಬಚಿ, ತಾ. ಜಮಖಂಡಿ

ಗಿರಿ